ಕಾಲ್ಬೆರಳು ಹೇಳಿದ ಉತ್ತರ

ಆಗ ನನಗೆ ಐವತ್ತೊಂಬತ್ತು. ಇದೆಲ್ಲ ನಡೆದು ಹದಿನೆಂಟು ವರ್ಷವಾಯಿತು. ನನ್ನ ವಯಸ್ಸು ಅಂದಾಜಿನದು, ಹುಟ್ಟಿದ ದಿನ ಬರೆದಿಟ್ಟವರಿಲ್ಲ. ಹದಿನೆಂಟು ಮಾತ್ರ ಖಾತ್ರಿ. ಆಗ ಮೊಮ್ಮಗಳಿಗೆ ಹದಿನಾರು, ಈಗ ಮೂವತ್ತನಾಲ್ಕು.

ನಾನು ಜಯನಗರ ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿನ ಹೊರಗೆ, ಬಸ್ ಸ್ಟ್ಯಾಂಡಿನ ಕಡೆ ತಿರುಗುವ ಮೂಲೆಯಲ್ಲಿ ತೆಂಗಿನಕಾಯಿ ಮಾರುತ್ತಿದ್ದೆ. ಓದು ಬಸ್ಸಿನ ಬೋರ್ಡಿನ ಮಟ್ಟಿಗೆ. ಆದರೆ ಕಿವಿ ಒಳ್ಳೆಯದಿತ್ತು. ಕಾಯಿಯನ್ನು ಎಡಗೈಯಲ್ಲಿ ಹಿಡಿದು ಬಲಗೈ ಬೆರಳ ಗೆಣ್ಣಿನಿಂದ ಒಂದು ಸಲ ತಟ್ಟಿದರೆ ಸಾಕು, ಎಳೆಯದೋ, ಬಲಿತದ್ದೋ, ನೀರು ಆರಿದ್ದೋ, ಒಳಗೆ ಕೊಳೆತದ್ದೋ ಹೇಳುತ್ತಿದ್ದೆ. ಗಿರಾಕಿಗಳೂ ತಟ್ಟುತ್ತಿದ್ದರು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು, ಸಂಗೀತ ಕಚೇರಿ ಕೇಳುವವರ ಹಾಗೆ ತಲೆದೂಗುತ್ತಿದ್ದರು. ಕೊನೆಗೆ "ನೀವೇ ಆರಿಸಿಕೊಡಮ್ಮ" ಎನ್ನುತ್ತಿದ್ದರು.

ಮನೆ ತಿಲಕ್ ನಗರದಲ್ಲಿ. ಅಲ್ಲಿ ನಾವು ಮೂರು ಜನ, ನಾನು, ಮಗಳು, ಮೊಮ್ಮಗಳು. ಅಳಿಯ ಬಿಟ್ಟು ಹೋಗಿದ್ದ, ಅವನ ಮಾತು ಇಲ್ಲಿ ಬೇಡ. ಮಗಳು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹೊಲಿಗೆ ಮೆಷಿನ್ನಿಗೆ ಕೂರುತ್ತಿದ್ದಳು. ಮೊಮ್ಮಗಳು ಹತ್ತನೇ ಕ್ಲಾಸನ್ನು ಒಳ್ಳೆಯ ಮಾರ್ಕ್ಸಿನಲ್ಲಿ ಪಾಸು ಮಾಡಿ ಆ ಜೂನಿನಲ್ಲಿ ಪಿಯುಸಿಗೆ ಸೇರಿದ್ದಳು.

ಸೇರಿ ತಿಂಗಳೊಳಗೆ ಹುಡುಗಿ ಬದಲಾದಳು. ತಲೆ ಬಾಚುವುದು ಬಿಟ್ಟಳು. ಕೇಳಿದ ಮಾತಿಗೆ ಉತ್ತರ ಬರಲು ಅರ್ಧ ನಿಮಿಷ ಹಿಡಿಯುತ್ತಿತ್ತು. ಬಸ್ಸಿನಲ್ಲಿ ಜನ ತನ್ನ ವಿಷಯವೇ ಮಾತಾಡುತ್ತಾರೆ ಎಂದು ಕಾಲೇಜಿಗೆ ನಡೆದು ಹೋಗತೊಡಗಿದಳು. ಒಂದು ಮಧ್ಯಾಹ್ನ ನನ್ನ ಪಕ್ಕದಲ್ಲಿ ಗೋಣಿಯ ಮೇಲೆ ಕೂತಿದ್ದವಳು ತಟ್ಟನೆ ತಿರುಗಿದಳು.

"ಅಜ್ಜಿ, ಈಗ ನನ್ನ ಕರೆದ್ಯಾ?"

"ಇಲ್ವಲ್ಲ."

"ಯಾರೋ ಕರೆದ್ರು."

"ಮಾರ್ಕೆಟ್ ಕಣೇ ಇದು. ಎಲ್ರೂ ಎಲ್ರನ್ನೂ ಕರೀತಾರೆ."

"ನನ್ನ ಹೆಸ್ರು ಹಿಡಿದು ಕರೆದ್ರು. ಯಾರೂ ಕರೆದಿಲ್ಲ ಅಂತಾನೂ ಗೊತ್ತು ನಂಗೆ. ಆದ್ರೂ ಕೇಳಿಸ್ತು."

ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟೆ. ಈ ಮಾತನ್ನು ನಾನು ಹಿಂದೆಯೂ ಕೇಳಿದ್ದೆ, ನನ್ನ ತಂಗಿಯ ಬಾಯಲ್ಲಿ. ಅವಳಿಗೆ ಆಗ ಹದಿನೇಳು. ಆದರೆ ಅವಳು "ಯಾರೂ ಕರೆದಿಲ್ಲ ಅಂತಾನೂ ಗೊತ್ತು" ಎಂದು ಒಂದು ದಿನವೂ ಹೇಳಿರಲಿಲ್ಲ. ಆ ಒಂದು ವ್ಯತ್ಯಾಸ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಕಾಲೇಜಿನ ಲೆಕ್ಚರರ್ ಒಬ್ಬರೂ ಇದನ್ನು ಗಮನಿಸಿದ್ದರು. ಚೀಟಿ ಬರೆದು ಜಯನಗರದಲ್ಲೇ ಒಂದು ಕಡೆಗೆ ಕಳಿಸಿದರು. ಆಸ್ಪತ್ರೆ ಎಂದುಕೊಂಡು ಹೋದರೆ ಅದೊಂದು ಹಳೆಯ ಮನೆ, ಕಾಂಪೌಂಡಿನಲ್ಲಿ ಹೊಂಗೆ ಮರ. ಹಾಲಿನಲ್ಲಿ ಮೂರು ಕಂಪ್ಯೂಟರ್. ನೋಡಿಕೊಳ್ಳುವ ಮೇಡಂ ಮನಸ್ಸಿನ ಡಾಕ್ಟರು, ನನ್ನ ಮಗಳಷ್ಟೇ ವಯಸ್ಸು, ಕಾಟನ್ ಸೀರೆ, ಮಾತು ನಿಧಾನ. ಎರಡು ದಿನ ಹುಡುಗಿಯನ್ನು ಕೂರಿಸಿಕೊಂಡು ಏನೇನೋ ಕೇಳಿದರು. ಆಮೇಲೆ ನನ್ನನ್ನೂ ಮಗಳನ್ನೂ ಒಳಗೆ ಕರೆದರು.

"ಇವಳಿಗೆ ಕಾಯಿಲೆ ಬಂದಿಲ್ಲ," ಎಂದರು. "ಬರೋ ಸಾಧ್ಯತೆ ಇದೆ. ಬರದೇನೂ ಇರಬಹುದು."

"ಬರದೇ ಇರೋ ಕಾಯಿಲೆಗೆ ಏನ್ ಔಷಧಿ ಕೊಡ್ತೀರಿ?" ಎಂದೆ.

"ಈಗ್ಲೇ ಔಷಧಿ ಬೇಡ. ಅವಳ ಜೊತೆ ನಾನು ಮಾತಾಡ್ತೀನಿ. ಅದರ ಜೊತೆಗೆ ತಲೆಗೆ ಒಂದು ವ್ಯಾಯಾಮ. ಅಜ್ಜಿ, ಕಿವಿ ಕೇಳೋದು ಬೇರೆ, ಕೇಳಿದ್ದನ್ನ ತಲೆ ಹಿಡ್ಕೊಳ್ಳೋದು ಬೇರೆ. ಇವಳ ತಲೆ ಹಿಡ್ಕೊಳ್ಳೋದ್ರಲ್ಲಿ ತಡವರಿಸ್ತಿದೆ. ಕ್ಲಾಸಲ್ಲಿ ಲೆಕ್ಚರರ್ ಒಂದು ಮಾತು ಮುಗ್ಸೋ ಹೊತ್ತಿಗೆ ಇವಳು ಇನ್ನೂ ಮೊದಲನೇ ಪದದಲ್ಲೇ ಇರ್ತಾಳೆ. ಅದನ್ನ ಚುರುಕು ಮಾಡೋಕೆ ಅಭ್ಯಾಸ. ದಿನಾ ಒಂದು ಗಂಟೆ, ನಲವತ್ತು ದಿನ."

"ಮಾಡಿದ್ರೆ ಕಾಯಿಲೆ ಬರಲ್ವಾ?"

"ಗೊತ್ತಿಲ್ಲ ಅಜ್ಜಿ. ಓದು, ನೆನಪು, ಗಮನ ಸ್ವಲ್ಪ ಸುಧಾರಿಸಬಹುದು ಅಂತ ನಂಬಿಕೆ. ಗ್ಯಾರಂಟಿ ಕೊಡಲ್ಲ."

ಗೊತ್ತಿಲ್ಲ ಎನ್ನುವ ಡಾಕ್ಟರನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ಆಕೆಯ ಮೇಲೆ ನಂಬಿಕೆ ಹುಟ್ಟಿದ್ದೂ ಅಲ್ಲಿಯೇ. ಮಗಳಿಗೆ ಮಾತ್ರ ಹುಟ್ಟಲಿಲ್ಲ. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಲೇ ಹೇಳಿದಳು.

"ವರಮಹಾಲಕ್ಷ್ಮಿ ಹಬ್ಬದ ತನಕ ನೋಡ್ತೀನಮ್ಮ. ಅಷ್ಟರಲ್ಲಿ ಏನಾದ್ರೂ ಫರಕು ಕಂಡ್ರೆ ಸರಿ. ಇಲ್ಲಾಂದ್ರೆ ಕಾಲೇಜು ಬಿಡಿಸಿ ಮದುವೆ ಮಾಡ್ತೀನಿ. ಫ್ಯಾಕ್ಟರೀಲಿ ನಮ್ಮ ಲೈನಲ್ಲಿ ಕೂರೋವಳ ತಮ್ಮ ಇದಾನೆ, ಅವರೇ ಕೇಳ್ತಿದಾರೆ. ಈಗಿನ್ನೂ ಯಾರಿಗೂ ಗೊತ್ತಾಗಿಲ್ಲ. ಗೊತ್ತಾದ ಮೇಲೆ ಯಾರ್ ಮಾಡ್ಕೋತಾರೆ?"

"ಹದಿನಾರು ಕಣೇ ಅವಳಿಗೆ."

"ನಿಂಗೆ ಎಷ್ಟಿತ್ತು?"

ನನಗೆ ಹದಿನೈದಿತ್ತು. ತಂಗಿಗೂ ಹೀಗೇ, ಮದುವೆಯಾದರೆ ಸರಿಹೋಗುತ್ತಾಳೆ ಎಂದು ಮುಚ್ಚಿಟ್ಟು ಮದುವೆ ಮಾಡಿದ್ದೆವು. ಆರು ತಿಂಗಳಿಗೆ ಗಂಡನ ಮನೆಯವರು ವಾಪಸ್ ತಂದು ನಮ್ಮ ಬಾಗಿಲಲ್ಲಿ ಬಿಟ್ಟು ಹೋದರು. ಹನ್ನೊಂದು ವರ್ಷ ಹಿಂದಿನ ಕೋಣೆಯಲ್ಲಿದ್ದು ಸತ್ತಳು. ಮಗಳಿಗೆ ಚಿಕ್ಕಮ್ಮ ಎಂದರೆ ಆ ಕೋಣೆಯ ಬಾಗಿಲು, ಅಷ್ಟೆ. ಮೊಮ್ಮಗಳು ಆ ಕೋಣೆಗೆ ಹೋಗಬಾರದು ಎನ್ನುವುದೊಂದೇ ನನ್ನ ಲೆಕ್ಕ.

ಮೊದಲ ದಿನವೇ ತೊಡಕು. ಕಿವಿಗೆ ಹಾಕುವ ಹೆಡ್‌ಫೋನನ್ನು ಹುಡುಗಿ ಮುಟ್ಟಲೊಲ್ಲಳು.

"ಅದರಲ್ಲಿ ಯಾರಿದಾರೆ?"

"ಯಾರೂ ಇಲ್ಲ, ಬರೀ ಸೌಂಡು," ಎಂದರು ಮೇಡಂ.

"ನೀವು ಹಾಗೇ ಹೇಳ್ತೀರ. ಅಜ್ಜಿ ಕೇಳಿ ಹೇಳ್ಲಿ."

ಮೇಡಂ ಎದ್ದು ಹೋಗಿ ಕಂಪ್ಯೂಟರಿಗೆ ಸಿಕ್ಕಿಸುವ ಒಂದು ಪಿನ್ನು ತಂದರು. ಒಂದು ಕಡೆ ಒಂದು ಮೂತಿ, ಇನ್ನೊಂದು ಕಡೆ ಎರಡು ಬಾಲ. ಎರಡು ಬಾಲಕ್ಕೂ ಒಂದೊಂದು ಹೆಡ್‌ಫೋನ್ ಸಿಕ್ಕಿಸಿ ಒಂದನ್ನು ನನ್ನ ತಲೆಗಿಟ್ಟರು. "ಕೇಳಿ ಅಜ್ಜಿ. ಆದ್ರೆ ಏನೂ ಹೇಳಿಕೊಡಬೇಡಿ."

ನಿಜಕ್ಕೂ ಯಾರೂ ಇರಲಿಲ್ಲ. "ಊಂಯ್" ಎಂದು ಒಂದು ಸದ್ದು, ತುಸು ಬಿಟ್ಟು ಇನ್ನೊಂದು. ಒಂದೊಂದೂ ಮೇಲಕ್ಕೆ ಏರುತ್ತಿತ್ತು, ಇಲ್ಲವೇ ಕೆಳಕ್ಕೆ ಇಳಿಯುತ್ತಿತ್ತು. ಏರಿದರೆ ಮೇಲಿನ ಬಾಣ ಒತ್ತಬೇಕು, ಇಳಿದರೆ ಕೆಳಗಿನದು. ಸರಿಯಾದರೆ ಗಂಟೆಯ ಸದ್ದು, ತಪ್ಪಾದರೆ "ದಬ್". ನನಗೆ ಆ ದಬ್ ಕೇಳಿದೊಡನೆ ಕೊಳೆತ ಕಾಯಿ ನೆನಪಾಯಿತು.

ನನಗೆ ಬಲು ಸೋಜಿಗ. ಕಾಯಿಯಿಲ್ಲದೆ ಕಾಯಿಯ ಸದ್ದು ಮಾಡುವ ಪೆಟ್ಟಿಗೆ. ಎಷ್ಟು ಸರಿ, ಎಷ್ಟು ತಪ್ಪು ಎಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ? ಹುಡುಗಿ ಯಾರೆಂದು ಅದಕ್ಕೆ ಗೊತ್ತೇ? ನಾಳೆ ಬಂದರೆ ನೆನಪಿಟ್ಟುಕೊಂಡಿರುತ್ತದೆಯೇ? ದಿನಕ್ಕೊಂದು ಪ್ರಶ್ನೆ ಕೇಳುತ್ತಿದ್ದೆ. ಮೇಡಂ ಬೇಸರವಿಲ್ಲದೆ ಹೇಳುತ್ತಿದ್ದರು. ಸದ್ದು ದಿನದಿನಕ್ಕೆ ಚಿಕ್ಕದಾಗುತ್ತದೆ, ಆಮೇಲೆ ಬ ಮತ್ತು ಡ ಅಕ್ಷರಗಳ ವ್ಯತ್ಯಾಸ, ಆಮೇಲೆ ಚಿಕ್ಕ ಕತೆ ಕೇಳಿಸಿ ಅದರಲ್ಲಿ ಯಾರು ಏನು ತಂದರು ಎಂದು ಕೇಳುತ್ತದೆ, ಹೀಗೆ. ನಾನು ಬೆಳಿಗ್ಗೆ ಆರಕ್ಕೆ ಗೋಣಿ ಬಿಚ್ಚಿ, ಹತ್ತಕ್ಕೆ ಪಕ್ಕದ ಹೂವಿನವಳಿಗೆ ಅಂಗಡಿ ನೋಡಿಕೊಳ್ಳಲು ಹೇಳಿ, ಹುಡುಗಿಯನ್ನು ಕರೆದುಕೊಂಡು ಹೋಗುತ್ತಿದ್ದೆ. ಆ ಹೊತ್ತಿನ ಕ್ಲಾಸಿಗೆ ಲೆಕ್ಚರರೇ ಬಿಡುವು ಕೊಡಿಸಿದ್ದರು.

ಮೊದಲ ನಾಲ್ಕು ದಿನ ಬರೀ ದಬ್. ಹುಡುಗಿ ತುಟಿ ಕಚ್ಚಿಕೊಂಡು ಒತ್ತುತ್ತಿದ್ದಳು. ನಾಲ್ಕನೇ ದಿನ ಕಣ್ಣಲ್ಲಿ ನೀರು.

"ಎಲ್ಲಾ ಒಂದೇ ಥರ ಕೇಳ್ಸುತ್ತೆ ಅಜ್ಜಿ. ನಾನೂ ಆ ಚಿಕ್ಕಜ್ಜಿ ಥರ ಆಗ್ತೀನಿ ಅಲ್ವಾ? ಅಮ್ಮ ಫೋನಲ್ಲಿ ಹೇಳ್ತಿದ್ಲು."

ಐದನೇ ದಿನ ನನ್ನ ಕಾಲು ತಾನಾಗಿ ಹೋಯಿತು. ಸದ್ದು ಏರಿತು, ಮೇಜಿನ ಕೆಳಗೆ ನನ್ನ ಹೆಬ್ಬೆರಳು ಅವಳ ಪಾದವನ್ನು ಒಂದು ಸಲ ಒತ್ತಿತು. ಇಳಿದಾಗ ಎರಡು ಸಲ. ಹುಡುಗಿ ಒಮ್ಮೆ ನನ್ನ ಮುಖ ನೋಡಿದಳು, ಅರ್ಥ ಮಾಡಿಕೊಂಡಳು. ಗಂಟೆ ಹೊಡೆಯತೊಡಗಿತು. ಅವಳ ಹೆಗಲು ಸಡಿಲವಾದದ್ದನ್ನು ನೋಡಿದೆ. ಇದರಲ್ಲೇನು ತಪ್ಪು ಎಂದುಕೊಂಡೆ. ಮಗುವಿನ ಕೈ ಹಿಡಿದು ಅಕ್ಷರ ತಿದ್ದಿಸುವುದಿಲ್ಲವೇ?

ಮೂರು ವಾರ ಹೀಗೇ ನಡೆಯಿತು. ಮೇಡಂ ಕಾಗದದ ಮೇಲೆ ಗೆರೆ ತೆಗೆದು ತೋರಿಸಿದರು, ಬೆಟ್ಟ ಹತ್ತಿದ ಹಾಗೆ ಏರಿತ್ತು. ಅದನ್ನು ಓದಲು ಅಕ್ಷರ ಬೇಕಿರಲಿಲ್ಲ. ಮಗಳಿಗೂ ತೋರಿಸಿದೆ. ಅವಳು ಕಾಗದ ಮಡಚಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದಳು.

ಆದರೆ ಮನೆಯಲ್ಲಿ ಹುಡುಗಿ ಮೊದಲಿಗಿಂತ ಹೆದರುತ್ತಿದ್ದಳು. ಪೆಟ್ಟಿಗೆಯ ಸದ್ದುಗಳೂ ವಿಪರೀತವಾಗಿದ್ದವು. ಈಗ ಒಂದೊಂದು ಸದ್ದೂ ಸಾಸಿವೆ ಸಿಡಿದಷ್ಟೇ ಹೊತ್ತು. ನನಗೇ ಉಸಿರು ಹಿಡಿದು ಕೇಳಬೇಕಾಗುತ್ತಿತ್ತು. "ನೀನಿಲ್ದೆ ಇದ್ರೆ ನಂಗೇನೂ ಕೇಳ್ಸಲ್ಲ ಅಜ್ಜಿ" ಎಂದಳು ಒಂದು ದಿನ. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ನನಗೆ ಅಂಗಡಿ ಬಿಡಲು ಆಗಲಿಲ್ಲ. ಅವತ್ತು ಜಯನಗರದ ಹೆಂಗಸರೆಲ್ಲ ಕಳಸದ ಕಾಯಿಗೆ ಬರುತ್ತಾರೆ. ಜುಟ್ಟು ನೆಟ್ಟಗಿರಬೇಕು, ಮೈ ಸೀಳಿರಬಾರದು, ಲಕ್ಷ್ಮಿಯ ಮುಖ ಕೂರುವಷ್ಟು ದುಂಡಗಿರಬೇಕು. ಒಬ್ಬೊಬ್ಬರು ಇಪ್ಪತ್ತು ಕಾಯಿ ಎತ್ತಿ ಇಡುತ್ತಾರೆ. "ಇವತ್ತೊಂದಿನ ನೀನೇ ಹೋಗು" ಎಂದು ಹುಡುಗಿಯನ್ನು ಕಳಿಸಿದೆ.

ಒಂದು ಗಂಟೆಯೊಳಗೆ ಓಡಿ ಬಂದಳು. ಮುಖ ಬಿಳಿಚಿತ್ತು.

"ಬರೀ ದಬ್ ದಬ್ ದಬ್. ಅದು ನನ್ನ ನೋಡಿ ನಗ್ತಿದೆ ಅಜ್ಜಿ. ನಾನಿನ್ನು ಹೋಗಲ್ಲ."

ಗಿರಾಕಿಯೊಬ್ಬರು ಕಾಯಿ ಹಿಡಿದು ನಿಂತಿದ್ದರು. ನಾನು ಅವರಿಗೆ ಏನು ಕೊಟ್ಟೆನೋ ನೆನಪಿಲ್ಲ.

ಹಬ್ಬ ಕಳೆದು ಸೋಮವಾರ ಮೇಡಂ ಮೂವರನ್ನೂ ಕರೆಸಿದರು. ಮಗಳು ಅರ್ಧ ದಿನ ರಜ ಹಾಕಿ ಬಂದಳು. ಮೇಜಿನ ಮೇಲೆ ಅದೇ ಗೆರೆ. ಏರಿ ಏರಿ, ಗುರುವಾರ ಒಂದೇ ಸಲಕ್ಕೆ ಬಾವಿಗೆ ಬಿದ್ದಿತ್ತು.

"ಇಷ್ಟು ಚೆನ್ನಾಗಿ ಮಾಡ್ತಿದ್ದವಳು ಒಂದೇ ದಿನದಲ್ಲಿ ಹೀಗೆ ಬಿದ್ದಿದಾಳೆ ಅಂದ್ರೆ ನಂಗೆ ಆತಂಕ," ಎಂದರು ಮೇಡಂ. "ಕಾಯಿಲೆ ಶುರುವಾಗ್ತಿರಬಹುದು. ಇದನ್ನ ನಿಲ್ಲಿಸಿ ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ. ಮಾತ್ರೆ ಬೇಕಾ ಅಂತ ಅವರು ನೋಡ್ಲಿ."

ಮಗಳು ಸೆರಗು ಸಿಕ್ಕಿಸಿಕೊಂಡಳು. "ಬೇಡ ಬಿಡಿ ಮೇಡಂ. ನೀವು ಮಾಡಿದ್ದು ಸಾಕು. ಹಬ್ಬನೂ ಆಯ್ತು. ಮುಂದಿಂದು ನಾನು ನೋಡ್ಕೋತೀನಿ."

ಹುಡುಗಿ ನೆಲ ನೋಡುತ್ತಿದ್ದಳು. ಅವಳು ನೋಡುತ್ತಿದ್ದದ್ದು ನನ್ನ ಕಾಲು ಎಂದು ನನಗೆ ಆಮೇಲೆ ಹೊಳೆಯಿತು. ಈಗೇನು ಉತ್ತರ ಒತ್ತಬೇಕು ಎಂದು ಕಾಯುತ್ತಿದ್ದಳು.

"ಬಿದ್ದಿದ್ದು ಅವಳಲ್ಲ," ಎಂದೆ. "ಏರಿದ್ದೂ ಅವಳಲ್ಲ. ನಾನು."

"ಏನಜ್ಜಿ?"

"ಕಾಲಲ್ಲಿ ಹೇಳಿಕೊಡ್ತಿದ್ದೆ. ಮೇಲಕ್ಕೆ ಹೋದ್ರೆ ಒಂದು ಸಲ, ಕೆಳಕ್ಕೆ ಬಂದ್ರೆ ಎರಡು ಸಲ. ಗುರುವಾರ ನಾನಿರ್ಲಿಲ್ಲ."

ಮಗಳು ಹಣೆಗೆ ಕೈ ಹಚ್ಚಿಕೊಂಡಳು. "ನಿಂಗೇನಮ್ಮ, ತಲೆಗಿಲೆ ಕೆಟ್ಟಿದ್ಯಾ? ಮೇಡಂ ಬೇಡ ಅಂದಿರ್ಲಿಲ್ವಾ?"

ಮೇಡಂ ಬೈಯಲಿಲ್ಲ. ಗೆರೆಯನ್ನೇ ನೋಡುತ್ತ ಕೂತರು. ಆಮೇಲೆ ಕೇಳಿದ್ದು ಬೇರೆಯೇ. "ಈ ಮಟ್ಟದ ಸದ್ದು ನಿಮಗೆ ಹೇಗೆ ಗೊತ್ತಾಯ್ತು? ಇದು ನಂಗೇ ಗೊತ್ತಾಗಲ್ಲ."

"ತೆಂಗಿನಕಾಯಿ ಮೇಡಂ. ಮೂವತ್ತು ವರ್ಷದಿಂದ ತಟ್ತಿದೀನಿ."

ನಂಬಲಿಲ್ಲವೋ, ಕುತೂಹಲವೋ, ನನ್ನೊಬ್ಬಳನ್ನೇ ಪೆಟ್ಟಿಗೆಯ ಮುಂದೆ ಕೂರಿಸಿದರು. ಹತ್ತು ಸಲ ಒತ್ತಿದೆ, ಒಂಬತ್ತು ಗಂಟೆ, ಒಂದು ದಬ್. ಹಿಂದಿನಿಂದ ಕಿಸಕ್ ಎಂದ ಸದ್ದು ಬಂತು. ಮೊಮ್ಮಗಳು ನಗುತ್ತಿದ್ದಳು. ಎರಡು ತಿಂಗಳಾಗಿತ್ತು ಆ ಸದ್ದು ಕೇಳಿ.

"ನಮ್ಮಜ್ಜಿ ಕಾಪಿ ಹೊಡೆಸಿ ಸಿಕ್ಕಾಕೊಂಡ್ಲು," ಎಂದಳು. ಮೇಡಂಗೂ ನಗು ತಡೆಯಲಾಗಲಿಲ್ಲ.

ಆಮೇಲೆ ಅವರು ಹೇಳಿದ್ದನ್ನು ನಾನು ಈಗಲೂ ಆಗಾಗ ಮೆಲುಕು ಹಾಕುತ್ತೇನೆ. "ಇದು ಪರೀಕ್ಷೆ ಅಲ್ಲ ಅಜ್ಜಿ. ಸರಿ ಹೇಳಿದಷ್ಟೂ ಇದು ಕಷ್ಟ ಮಾಡ್ತಾ ಹೋಗುತ್ತೆ, ತಪ್ಪಿದ್ರೆ ಸುಲಭ ಮಾಡುತ್ತೆ. ಅವಳು ಎಲ್ಲಿದಾಳೋ ಅದಕ್ಕಿಂತ ಒಂದೇ ಒಂದು ಮೆಟ್ಟಿಲು ಮೇಲೆ ನಿಲ್ಲಬೇಕು ಅಂತ. ಅದಕ್ಕೆ ಅವಳು ತಪ್ಪು ಮಾಡಬೇಕು. ನೀವು ಒಂದು ತಪ್ಪನ್ನೂ ಆಗೋಕೆ ಬಿಡಲಿಲ್ಲ. ಪೆಟ್ಟಿಗೆ ನಿಮ್ಮನ್ನ ಅವಳು ಅಂದ್ಕೊಂಡು ನಿಮಗೆ ಸರಿಹೋಗೋ ಮೆಟ್ಟಿಲಿಗೆ ಅವಳನ್ನ ಎಳ್ಕೊಂಡು ಹೋಯ್ತು."

"ಅದಕ್ಕೆ ಅವಳಿಗೆ ಏನೂ ಕೇಳಿಸ್ಲಿಲ್ಲ."

"ಹೂಂ. ತಪ್ಪು ನಂದೂ ಇದೆ. ಎರಡನೇ ಹೆಡ್‌ಫೋನ್ ಕೊಟ್ಟಿದ್ದೇ ನಾನು. ಮೊದಲಿಂದ ಶುರು ಮಾಡಬೇಕು. ಅವಳಮ್ಮ ಒಪ್ಪಿದ್ರೆ."

ಮಗಳು ಬಾಗಿಲ ಹತ್ತಿರ ನಿಂತಿದ್ದಳು. "ನಾನು ಒಪ್ಪಲ್ಲ. ಮೂರು ವಾರ ಸುಳ್ಳು ಗೆರೆ ತೋರಿಸಿದ್ದಾಯ್ತು. ಹುಡುಗನ ಮನೆಯವರಿಗೆ ಈ ಭಾನುವಾರ ಹೆಣ್ಣು ನೋಡೋಕೆ ಬನ್ನಿ ಅಂತೀನಿ."

ಹೆಣ್ಣು ನೋಡುವುದು ಎಂದಾಗ ನಾನು ಎದ್ದು ನಿಂತೆ. ಆವರೆಗೆ ಮಗಳಿಗೆ ಹೇಳದಿದ್ದದ್ದನ್ನು ಅಲ್ಲೇ, ಮೇಡಂ ಎದುರಿಗೇ ಹೇಳಿದೆ.

"ನಿನ್ನ ಚಿಕ್ಕಮ್ಮನ್ನ ನೋಡೋಕೆ ಬಂದಾಗ ಅವಳ ಪಕ್ಕ ಚಾಪೆ ಮೇಲೆ ಕೂತಿದ್ದೋಳು ನಾನು. ಅವಳು ಆಗ ಗೋಡೆ ಜೊತೆ ಮಾತಾಡ್ತಿದ್ಲು. ನಾನು ಸೀರೆ ನೆರಿಗೆ ಕೆಳಗಿಂದ ಅವಳ ಕಾಲು ಒತ್ತುತಿದ್ದೆ. ಒಂದು ಸಲ ಒತ್ತಿದ್ರೆ ಹೂಂ ಅನ್ಬೇಕು, ಎರಡು ಸಲ ಒತ್ತಿದ್ರೆ ತಲೆ ತಗ್ಗಿಸ್ಬೇಕು. ಅಡುಗೆ ಬರುತ್ತಾ, ಹೂಂ. ಹಾಡು ಬರುತ್ತಾ, ತಲೆ ತಗ್ಗಿಸಿದ್ಲು. ಎಷ್ಟು ನಾಚಿಕೆ ಹುಡುಗಿಗೆ ಅಂತ ಅವರಿಗೆ ಖುಷಿ ಆಯ್ತು. ಅವರು ಮದುವೆ ಆಗಿದ್ದು ನನ್ನ ಕಾಲನ್ನ. ಹೋದ್ಮೇಲೆ ಆ ಮನೇಲಿ ಅವಳ ಪಕ್ಕ ನಾನಿರ್ಲಿಲ್ಲ."

ಹೊರಗೆ ಯಾರೋ ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದರು, ಹತ್ತದೆ ಮತ್ತೆ ಮತ್ತೆ ಹೊಡೆಯುತ್ತಿದ್ದರು.

"ಇದನ್ನ ಇಷ್ಟು ವರ್ಷ ಹೇಳ್ಲಿಲ್ಲ ನೀನು," ಎಂದಳು ಮಗಳು.

"ಈಗ ಹೇಳ್ದೆನಲ್ಲ. ಇವಳನ್ನ ನೋಡೋಕೆ ಬಂದ್ರೆ ಪಕ್ಕ ಕೂರೋಳು ನೀನು. ನಿನ್ನ ಕಾಲು ಏನು ಮಾಡುತ್ತೆ ಅಂತ ಈಗ್ಲೇ ಯೋಚ್ನೆ ಮಾಡ್ಕೊ."

ಮಗಳು ತನ್ನ ಮಗಳ ಕಡೆ ನೋಡಿದಳು. "ನೀನೇನಂತೀಯೆ?"

ಅರ್ಧ ನಿಮಿಷ ಹಿಡಿಯಿತು. ಮೇಡಂ ಕೈ ಎತ್ತಿ ನಮ್ಮನ್ನು ಸುಮ್ಮನಿರಿಸಿದರು.

"ಮೊದಲಿಂದ ಮಾಡ್ತೀನಿ," ಎಂದಳು ಹುಡುಗಿ. "ಸುಲಭದ್ದು ಕೊಟ್ರೆ ಮಾಡ್ತೀನಿ. ಅಜ್ಜಿ ಬೇಡ."

"ಸರಿ, ನಲ್ವತ್ತು ದಿನ ಮುಗೀಲಿ," ಎಂದಳು ಮಗಳು. "ಆಮೇಲೆ ನೋಡೋಣ." ಅರ್ಧ ದಿನದ ರಜ ಮುಗಿಯುತ್ತ ಬಂದಿತ್ತು, ಫ್ಯಾಕ್ಟರಿಗೆ ಹೊರಟಳು.

ಹುಡುಗಿ ನಲವತ್ತು ದಿನ ಮುಗಿಸಿದಳು. ಅವಳ ಸ್ವಂತ ಗೆರೆಯನ್ನೂ ನೋಡಿದ್ದೇನೆ. ಬೆಟ್ಟವೇನಲ್ಲ, ಹೊಲದ ಬದುವಿನ ಹಾಗೆ ಏಳುತ್ತ ತಗ್ಗುತ್ತ ಅಷ್ಟಿಷ್ಟು ಮೇಲೆ ಹೋಗಿತ್ತು. ಮದುವೆಯ ಮಾತನ್ನು ಮಗಳು ಮತ್ತೆ ಎತ್ತಲಿಲ್ಲ. ಪಿಯುಸಿಯನ್ನು ಹುಡುಗಿ ಎರಡಕ್ಕೆ ಬದಲು ಮೂರು ವರ್ಷದಲ್ಲಿ ಮಾಡಿದಳು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಒಂದು ಸಲ ಪರಿಸ್ಥಿತಿ ಕೆಟ್ಟಿತ್ತು, ವರ್ಷಕ್ಕಿಂತ ಹೆಚ್ಚು ಮಾತ್ರೆ ನುಂಗಿದಳು, ಏರಿಳಿದು ಸರಿಯಾದಳು. ಈಗ ಜೆ.ಪಿ. ನಗರದ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಈಗಲೂ ಯಾರಾದರೂ ಕರೆಯುತ್ತಾರಾ ಎಂದು ಕೇಳಿದರೆ "ಅಪರೂಪಕ್ಕೆ. ನಾನು ಓಗೊಡಲ್ಲ" ಎನ್ನುತ್ತಾಳೆ. ಇದು ಪೆಟ್ಟಿಗೆಯಿಂದ ಆಯಿತೋ, ಮೇಡಂ ಮಾತಿನಿಂದಲೋ, ಮಾತ್ರೆಯಿಂದಲೋ, ಸುಮ್ಮನೆ ಆಯಿತೋ, ನನಗೆ ತಿಳಿಯದು. ಮೇಡಂಗೂ ತಿಳಿಯದು, ಕೇಳಿದ್ದೇನೆ.

ನನ್ನ ಕಾಲಿಗೆ ಬುದ್ಧಿ ಬರಲು ಮಾತ್ರ ದಿನ ಹಿಡಿಯಿತು. ಆ ಸೋಮವಾರದ ಮರುದಿನ ಬೆಳಿಗ್ಗೆ ಆರಕ್ಕೆ ಹುಡುಗಿ ನನ್ನ ಜೊತೆ ಅಂಗಡಿಗೆ ಬಂದಳು, ಹತ್ತಕ್ಕೆ ಅಲ್ಲಿಂದಲೇ ಒಬ್ಬಳೇ ಹೋಗುವವಳು. ಮೊದಲ ಗಿರಾಕಿ ವಾಕಿಂಗ್ ಮುಗಿಸಿ ಬರುವ ರಿಟೈರ್ಡ್ ಮೇಷ್ಟ್ರು. ಎಂದಿನಂತೆ "ಒಂದೊಳ್ಳೆ ಕಾಯಿ ಆರಿಸಿಕೊಡಮ್ಮ" ಎಂದರು.

"ನೀನು ಆರಿಸಿಕೊಡು," ಎಂದೆ ಮೊಮ್ಮಗಳಿಗೆ.

ಅವಳು ನನ್ನ ಕಾಲಿನ ಕಡೆ ನೋಡಿದಳು. ನಾನು ಎರಡೂ ಕಾಲು ಮಡಚಿ ಗೋಣಿಯ ಮೇಲೆ ಎಳೆದುಕೊಂಡು, ಸೀರೆ ಮುಚ್ಚಿ ಕೂತೆ. ಅವಳು ಒಂದು ತಟ್ಟಿದಳು, ಕೆಳಗಿಟ್ಟಳು. ಇನ್ನೊಂದು ತಟ್ಟಿ ಕಿವಿಗೆ ಹಿಡಿದಳು. ಮೇಷ್ಟ್ರು ಗಡಿಯಾರ ನೋಡಿದರು. ಮೂರನೆಯದನ್ನು ತಟ್ಟಿ, ಇನ್ನೊಮ್ಮೆ ತಟ್ಟಿ, ಅವರ ಚೀಲಕ್ಕೆ ಹಾಕಿದಳು.

ನೀರು ಆರಿದ ಕಾಯಿ. ಎರಡು ಮಾರು ದೂರದಿಂದಲೇ ನನಗೆ ಕೇಳಿಸಿತು. ವಾಪಸ್ ತಂದರೆ ಬೇರೆ ಕೊಟ್ಟರಾಯಿತು ಎಂದುಕೊಂಡು, ಬಾಯಿ ಮುಚ್ಚಿಕೊಂಡು ಮುಂದಿನ ಗೋಣಿ ಬಿಚ್ಚಿದೆ.